ನಮ್ಮ ದೇಶದ ಸಂಪನ್ಮೂಲಗಳು

ಪೆಟ್ರೋಲಿನ ವಾಸನೆ ಇಷ್ಟಪಡುವವಳು ಮನೆಯಲ್ಲಿ ಒಬ್ಬಳೇ, ನನ್ನ ಮಗಳು. ಇವತ್ತು, ಇಲ್ಲಿನ ವಾರದ ರಜೆಯಾದ ಶುಕ್ರವಾರ, ಓವರ್‌ಟೈಮ್ ಮುಗಿಸಿ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಬಂಕಿನಲ್ಲಿ ಕಾರು ನಿಲ್ಲಿಸಿದವನು ಅಭ್ಯಾಸಬಲದಿಂದ ಹಿಂದಿನ ಸೀಟಿನ ಕಿಟಕಿಯ ಗಾಜು ಇಳಿಸಿದೆ. ಹಿಂದೆ ಯಾರೂ ಇರಲಿಲ್ಲ. ಪೆಟ್ರೋಲ್ ಹಾಕುವವನು ಅತ್ತ ಬಗ್ಗಿ ನೋಡಿದ. ನಾನು ಬೆಪ್ಪನಂತೆ ನಕ್ಕೆ.

ಇಲ್ಲಿನ ಇಂಡಿಯನ್ ಶಾಲೆಗಳಲ್ಲೂ ಈ ದೇಶದ ಸಮಾಜಪಾಠ ಕಡ್ಡಾಯ, ನೋಡಿ. ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅದನ್ನು ಹೇಳಿಕೊಡುವ ಹೊಣೆ ನನ್ನ ತಲೆಗೆ ಬಿತ್ತು. ಕರ್ನಾಟಕದ ಜಿಲ್ಲೆಗಳನ್ನೇ ಪೂರ್ತಿ ಹೇಳಲಾರದ ನಾನು ಏಳು ಎಮಿರೇಟ್‌ಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಅಬುಧಾಬಿ, ದುಬೈ, ಶಾರ್ಜಾ ಸಲೀಸು. ಉಮ್ಮ್ ಅಲ್ ಕುವೈನ್‌ಗೆ ಬಂದರೆ ನಾಲಿಗೆ ತೊಡರುತ್ತಿತ್ತು, ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು. ಎಣ್ಣೆ ಸಿಗುವ ಮುಂಚೆ ಇಲ್ಲಿನವರು ಮೂಗಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು ಕಡಲಿಗೆ ಮುಳುಗಿ ಮುತ್ತು ತೆಗೆಯುತ್ತಿದ್ದರು ಎಂಬ ಪಾಠ ಬಂದಾಗ ಇಬ್ಬರೂ ಮೂಗು ಹಿಡಿದು ಕುಳಿತೆವು. ನಾನೇ ಮೊದಲು ಸೋತೆ.

"ಪಪ್ಪಾ, ಯು ಆರ್ ಖಲಾಸ್!" ಎಂದಳು.

ಸರಕಾರದ ಪಾಠ ಮಾತ್ರ ನನಗೆ ಸುಲಭವಾಯಿತು. ಏಳು ಅರಸರು ಕೂಡಿ ಒಬ್ಬರನ್ನು ಅಧ್ಯಕ್ಷರಾಗಿ ಆರಿಸುವುದು. ಒಲೆ ಬೇರೆ ಬೇರೆ, ಅಂಗಳ ಒಂದೇ ಎಂದು ವಿವರಿಸಿದೆ. ಫ್ಲ್ಯಾಟಿನಲ್ಲಿ ಬೆಳೆದವಳಿಗೆ ಅಂಗಳ ಎಂದರೇನೆಂದು ಹೇಳುವುದರಲ್ಲಿ ಆ ಸಂಜೆ ಕಳೆಯಿತು.

ಪುಸ್ತಕದ ತುಂಬ "ಅವರ್ ಕಂಟ್ರಿ". ಅವರ್ ಕಂಟ್ರಿಗೆ ನೀರು ಸಮುದ್ರದಿಂದ, ಅವರ್ ಕಂಟ್ರಿಯ ದೊಡ್ಡ ಸಂಪತ್ತು ಎಣ್ಣೆ. ನನ್ನ ಹೆಂಡತಿ ಅಡುಗೆಮನೆಯಿಂದಲೇ ಕುಟುಕುತ್ತಿದ್ದಳು: "ಇಲ್ಲಿ ನಮ್ಮದು ಎಂತ ಉಂಟು ಮಾರಾಯ್ರೆ, ವೀಸಾ ಸ್ಟಾಂಪ್ ಬಿಟ್ಟರೆ?" ನಾನು ಮಗಳನ್ನು ತಿದ್ದಲಿಲ್ಲ. ಹಾಗೆ ಬರೆದರೇ ಮಾರ್ಕು. ನಿಜ ಹೇಳಬೇಕೆಂದರೆ ಆ "ಅವರ್" ನನಗೂ ಹಿತವಾಗಿತ್ತು. ನಾವು ಮೂವರೂ ಅದರೊಳಗೆ ಇದ್ದೆವಲ್ಲ.

ಆಮೇಲೆ ಎಣ್ಣೆಯ ಬೆಲೆ ಕುಸಿಯಿತು. ನನ್ನ ಕಂಪನಿ ಎಣ್ಣೆಬಾವಿಗಳಿಗೆ ವಾಲ್ವ್ ಒದಗಿಸುವಂಥದು. ನನ್ನ ಕೆಲಸ ಉಳಿಯಿತು, ಸಂಸಾರಕ್ಕೆ ಕೊಟ್ಟ ಮನೆ ಉಳಿಯಲಿಲ್ಲ.

"ಬಟ್ ಇಟ್ಸ್ ಅವರ್ ಆಯಿಲ್, ಪಪ್ಪಾ," ಎಂದಳು ಮಗಳು, ಸೂಟ್‌ಕೇಸಿನ ಮೇಲೆ ಕುಳಿತು. ನಾನು ಬಗ್ಗಿ ಅದರ ಜಿಪ್ಪು ಎಳೆದೆ.

ಒಂದು ವರ್ಷದ ಮಟ್ಟಿಗೆ ಎಂದು ಇಬ್ಬರನ್ನೂ ಕಾರ್ಕಳದ ಅತ್ತೆಯ ಮನೆಗೆ ಕಳಿಸಿದೆ. ವರ್ಷ ಮೂರಾಯಿತು. ಬರ್ ದುಬೈಯ ಒಂದು ಕೋಣೆಯಲ್ಲಿ ನಾಲ್ವರು ಮಲಗುತ್ತೇವೆ, ನಾನು ಒಂದು ಮಂಚದ ಯಜಮಾನ. ಕೋಣೆಯವರು ಒಳ್ಳೆಯವರೇ, ಆದರೂ ರಜೆಯ ದಿನ ಕೂತರೆ ಅಳು ಬರುತ್ತದೆ. ಅದಕ್ಕೇ ಓವರ್‌ಟೈಮ್. ವೀಸಾ ನವೀಕರಿಸುವುದೋ ಬಿಡುವುದೋ ಭಾನುವಾರ ಹೇಳಿ ಎಂದಿದ್ದಾನೆ ಮ್ಯಾನೇಜರ್. ನವೀಕರಿಸಿದರೆ ಇನ್ನೆರಡು ವರ್ಷ. ಅಷ್ಟರಲ್ಲಿ ಮಗಳಿಗೆ ನಾನು ಬೇಡವಾಗಿಬಿಟ್ಟರೆ ಎಂಬ ಭಯ ನನಗೆ.

ಬಂಕಿನಿಂದ ಈಚೆ ಬಂದು ಮಗಳಿಗೆ ಫೋನ್ ಮಾಡಿದೆ. ತುಳುವಿನಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದವಳು ಈಗ ಚಂದದ ತುಳು ಆಡುತ್ತಾಳೆ.

"ಪಪ್ಪಾ, ಎಂಕ್ಲೆನ ಊರುಡು ನೀರ್ ಗುವೆಲ್‌ಡೇ ಉಂಡು!"

ನಮ್ಮ ಊರಲ್ಲಿ ನೀರು ಬಾವಿಯಲ್ಲೇ ಇದೆ ಎಂದಳು. ಕನ್ನಡದಲ್ಲಿ ಹೇಳಿದರೆ ಇಷ್ಟೇ. ಆದರೆ ತುಳುವಿನಲ್ಲಿ "ನಮ್ಮ" ಎನ್ನಲು ಎರಡು ಮಾತುಗಳಿವೆ. ಕೇಳುವವನನ್ನೂ ಸೇರಿಸಿಕೊಂಡರೆ "ನಮ್ಮ". ಅವನನ್ನು ಹೊರಗಿಟ್ಟರೆ "ಎಂಕ್ಲೆನ". ಹೊಸದಾಗಿ ಕಲಿತವಳು, ಅದಲುಬದಲಾಗಿರಬೇಕು ಎಂದುಕೊಂಡೆ. ಇಂಥ ತಪ್ಪು ಮಕ್ಕಳು ಮಾಡುತ್ತವೆ.

"ಏರೆನ ಊರು ಮಗಾ?" ಯಾರ ಊರು ಎಂದು ಮೆಲ್ಲಗೆ ಕೇಳಿದೆ.

"ಎಂಕ್ಲೆನ. ಎನ್ನ, ಅಮ್ಮನ, ಅಜ್ಜಿನ." ಆಮೇಲೆ ಇಂಗ್ಲಿಷಿನಲ್ಲಿ, ಬಲು ಮರ್ಯಾದೆಯಿಂದ: "ಯು ಆಲ್ಸೋ ಕಮ್, ಪಪ್ಪಾ. ವೀ ಹ್ಯಾವ್ ಅ ಗೆಸ್ಟ್ ರೂಮ್."

ಭಾನುವಾರದ ತನಕ ಕಾಯಲಿಲ್ಲ. ಕಾರಿನಲ್ಲಿ ಕೂತೇ ಮ್ಯಾನೇಜರಿಗೆ ಮೆಸೇಜ್ ಮಾಡಿದೆ: ವೀಸಾ ಬೇಡ, ನಾನು ಮನೆಗೆ ಹೋಗಬೇಕು.