ಗೌರಿ ಕೇಳುವವರೆಗೆ

ಮೊಮ್ಮಗಳಿಗೆ ರೊಟ್ಟಿ ಕೊಡಲು ಚಾಚಿದ ನನ್ನ ಕೈಯನ್ನು ಸೊಸೆ ಗಟ್ಟಿಯಾಗಿ ಹಿಡಿದುಕೊಂಡಳು. ಮೂರು ವರ್ಷದ ಗೌರಿಗೆ ಆಟಿಸಂ ಇದೆ, ಇನ್ನೂ ಮಾತು ಬಂದಿಲ್ಲ. ಅವಳು ರೊಟ್ಟಿ ಬುಟ್ಟಿಯತ್ತ ತಿರುಗಿದರೆ ಸಾಕು, ನಾನು ಒಂದು ತುಂಡಿಗೆ ಬೆಣ್ಣೆ ಸವರಿ ಬಾಯಿಗಿಡುತ್ತಿದ್ದೆ.

“ಕೂಸು ಹಸದೈತಿ. ನಿನಗ ಕರುಳಿಲ್ಲೇನ ಬೇ?” ಎಂದೆ.

“ಕೇಳೂಕಿಂತ ಮೊದ್ಲ ನೀವು ಕೊಟ್ರ ಆಕಿ ಯಾಕ ಕೇಳ್ತಾಳ್ರಿ ಅತ್ತಿ? ಧಾರವಾಡದಾಗ ಡಾಕ್ಟರ್ ನಮಗ ಇದನ್ನ ಕಲಿಸ್ಯಾರ. ಹತ್ತ ಎಣಿಸೂತನಕ ತಡೀರಿ.”

ಸೊಸೆ ರೊಟ್ಟಿಯ ಚೂರನ್ನು ತನ್ನ ಮುಖದ ಹತ್ತಿರ ಹಿಡಿದು ಕಾಯುತ್ತ ಕುಳಿತಳು. ಗೌರಿ ಕಾಲು ಬಡಿದು ಅತ್ತಳು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು, ನನಗೆ ಎಣಿಕೆಯೇ ತಪ್ಪಿತು. ಕೊನೆಗೆ ಗೌರಿ ಅಳು ನಿಲ್ಲಿಸಿ, ತಾಯಿಯ ಕಣ್ಣನ್ನೇ ನೋಡಿ ಅಂಗೈ ಒಡ್ಡಿದಳು. ಸೊಸೆ ಆ ಕ್ಷಣವೇ “ರೊಟ್ಟಿ” ಎಂದು ಹೇಳಿ ಕೊಟ್ಟಳು.

ಈಗ ಕೆಲವು ದಿನ ಗೌರಿ ಹಾಗೆಯೇ ಅಂಗೈ ಒಡ್ಡಿ ಕೇಳುತ್ತಾಳೆ, ಕೆಲವು ದಿನ ಅತ್ತು ಹೊರಗೆ ಓಡುತ್ತಾಳೆ. ಪ್ರೀತಿಯೆಂದುಕೊಂಡು ಅವಳಿಗೆ ಕೇಳುವ ಅವಕಾಶವನ್ನೇ ನಾನು ಎಷ್ಟು ಸಲ ಕೊಡಲಿಲ್ಲವೋ ಎಂದು ಲೆಕ್ಕ ಹಾಕುತ್ತೇನೆ. ಗೌರಿ, ಅಂದು ನೀನು ಅಳುವಾಗ ಅಜ್ಜಿ ರೊಟ್ಟಿ ಕೊಡದೆ ಯಾಕೆ ಕುಳಿತಿದ್ದಳು ಎಂದು ಒಂದು ದಿನ ನೀನೇ ಬಾಯಿಬಿಟ್ಟು ನನ್ನನ್ನು ಕೇಳು.