ವರ್ಲೀನ್ ಮತ್ತು ಸಹಿ ಹಾಕದ ಹುಡುಗ

ನಮ್ಮ ಒಕ್ಲಹೋಮದ ಪುಟ್ಟ ಕಾಲೇಜಿನ ಹಣಸಹಾಯ ಕಚೇರಿಯಲ್ಲಿ ನನ್ನೆದುರಿನ ಮೇಜು ವರ್ಲೀನ್ ಸ್ಟಕಿಯದು. ಆಟದಿಂದ ಸ್ಕಾಲರ್‌ಶಿಪ್ ಪಡೆದ ಮಕ್ಕಳ ಕಾಗದಪತ್ರವೆಲ್ಲ ಅವಳ ಪಾಲು. ಈ ಮಕ್ಕಳು ಇಮೇಲ್ ತೆರೆಯುವುದಿಲ್ಲ, ಫೋನ್ ಎತ್ತುವುದಿಲ್ಲ. ಅದಕ್ಕೇ ಅಭ್ಯಾಸ ಮುಗಿಸಿ ಅವರು ಮೈಕೈ ನೋವು ಇಳಿಸಲು ಐಸ್ ನೀರಿನ ತೊಟ್ಟಿಯಲ್ಲಿ ಹಲ್ಲು ಕಟಕಟಿಸುತ್ತ ಕೂತಾಗ ವರ್ಲೀನ್ ಪೆನ್ನು ಹಿಡಿದು ಹಾಜರಾಗುತ್ತಾಳೆ. "ತೊಟ್ಟೀಲಿ ಕೂತೋರು ಎಲ್ಲಿಗೆ ಓಡ್ತಾರೆ ಹೇಳು?" ಎನ್ನುತ್ತಾಳೆ. ವಾಲಿಬಾಲ್ ಹುಡುಗಿಯರು ಕಿರುಚುತ್ತಾರೆ; ಚಳಿಗೋ ಅವಳನ್ನು ಕಂಡೋ ತಿಳಿಯದು.

ಈ ವಸಂತದಲ್ಲಿ ಗ್ಯಾರೆಟ್ ಪ್ರೊಕೊಪ್ ಮಾತ್ರ ಅವಳಿಗೂ ಬಗ್ಗಲಿಲ್ಲ. ನಮ್ಮ ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆಯುವ ಹುಡುಗ ಅವನು. ತಂಡ ಗೆಲ್ಲುತ್ತಲೇ ಇತ್ತು. ಗೆಲ್ಲುತ್ತಿರುವಾಗ ಏನನ್ನೂ ಬದಲಿಸಬಾರದು ಎಂಬುದು ಬೇಸ್‌ಬಾಲಿನವರ ಮಡಿ: ಗಡ್ಡ ಬೋಳಿಸುವಂತಿಲ್ಲ, ಕಾಲುಚೀಲ ಒಗೆಯುವಂತಿಲ್ಲ. ಮುಂದಿನ ವರ್ಷದ ಸ್ಕಾಲರ್‌ಶಿಪ್ ಪತ್ರ ಗ್ಯಾರೆಟ್‌ನ ಕೈಗೆ ಬಂದ ದಿನವೇ ಗೆಲುವು ಶುರುವಾಗಿತ್ತು. ಸಹಿ ಹಾಕದೆ ಅದನ್ನು ಮಡಚಿ ಟೋಪಿಯೊಳಗೆ ಇಟ್ಟುಕೊಂಡೇ ಆಡುತ್ತಿದ್ದ. ಶುಕ್ರವಾರ ಸಂಜೆಯೊಳಗೆ ಸಹಿಯಾಗದಿದ್ದರೆ ಆ ಹಣ ಇನ್ನೊಬ್ಬ ಆಟಗಾರನಿಗೆ. ಗ್ಯಾರೆಟ್‌ನ ಅಮ್ಮ ಶಾಲೆಯ ಬಸ್ಸು ಓಡಿಸುವವಳು. ಸ್ಕಾಲರ್‌ಶಿಪ್ ಹೋದರೆ ಓದೂ ಹೋದಂತೆ.

ಶುಕ್ರವಾರ ಮಧ್ಯಾಹ್ನ ವರ್ಲೀನ್ ಮೈದಾನಕ್ಕೆ ಹೊರಟಳು. ಅಂದು ನನ್ನ ಕೂಸನ್ನು ನೋಡಿಕೊಳ್ಳುವವಳು ಕೈಕೊಟ್ಟಿದ್ದಳು. ಮಗಳನ್ನು ಸೊಂಟಕ್ಕೇರಿಸಿಕೊಂಡು ನಾನೂ ಹಿಂದೆ ಹೋದೆ. ಗ್ಯಾರೆಟ್ ಬೆಂಚಿನ ಮೇಲೆ ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತ ಕೂತಿದ್ದ.

"ನಾಳೆ ಪಂದ್ಯ ಮುಗೀಲಿ, ಮಿಸ್ ವರ್ಲೀನ್."

"ನಾಳೆ ನಿನ್ನ ದುಡ್ಡು ಇನ್ಯಾರದೋ ಪಾಲಾಗಿರತ್ತೆ ಮಗಾ."

"ಸೋತ್ರೆ ಹುಡುಗ್ರು ನನ್ನ ಹೂತುಹಾಕ್ತಾರೆ ಮೇಡಮ್."

"ಸಹಿ ಹಾಕ್ದಿದ್ರೆ ನಿಮ್ಮಮ್ಮ ಹೂತುಹಾಕ್ತಾಳೆ. ಯಾರ ಕೈಲಿ ಸಾಯ್ತೀಯ ನೋಡ್ಕೋ."

ಅವನು ಟೋಪಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ.

ನಾನಾಗಿದ್ದರೆ ಮೂಢನಂಬಿಕೆ ಎಂದು ಬೈದುಬಿಡುತ್ತಿದ್ದೆ. ವರ್ಲೀನ್ ಯಾವ ಬಾಯಲ್ಲಿ ಬೈದಾಳು? ಗೆಲುವು ಶುರುವಾದಾಗಿನಿಂದ ಅವಳೂ ಪಂದ್ಯಕ್ಕೆ ಅದೇ ಒಗೆಯದ ಅಂಗಿ ಹಾಕಿ ಬರುತ್ತಿದ್ದಳು. ಕೂಸಿನ ಡೈಪರ್ ಬದಲಿಸಲು ಸಹ ನನ್ನನ್ನು ಸೀಟಿನಿಂದ ಏಳಗೊಡುತ್ತಿರಲಿಲ್ಲ. ಹಾಗಾಗಿ ಅವಳು ಪಕ್ಕದಲ್ಲಿ ಕೂತು, ಮಡಿವಂತರು ಮಡಿವಂತರೊಡನೆ ಮಾತಾಡುವಂತೆ ದನಿ ತಗ್ಗಿಸಿದಳು.

"ಟೋಪೀಲಿರೋದನ್ನ ಮುಟ್ಟಲೇಬೇಡ, ಅಲ್ಲೇ ಇರ್ಲಿ. ಇದು ಬೇರೆ ಪ್ರತಿ, ಈಗ್ತಾನೆ ತೆಗೆದದ್ದು. ಇದಕ್ಕೂ ನಿಮ್ಮ ಗೆಲುವಿಗೂ ಮುಖಪರಿಚಯಾನೂ ಇಲ್ಲ."

ಗ್ಯಾರೆಟ್ ತನ್ನ ಬಲಗೈ ನೋಡಿಕೊಂಡ. "ಆದ್ರೆ ಕೈ? ನಾಳೆ ಇದೇ ಕೈಲಿ ಎಸೀಬೇಕಲ್ಲ?"

"ದೇವರು ಇನ್ನೊಂದು ಕೈ ಕೊಟ್ಟಿರೋದು ಬೀಜ ಹಿಡ್ಕೊಳ್ಳೋಕಾ?"

ಅವನು ನಾಲಗೆ ಹೊರಚಾಚಿ ಎಡಗೈಯಲ್ಲಿ ಸಹಿ ಎಳೆದ. ನನ್ನ ಮಗಳು ಗೋಡೆಯ ಮೇಲೆ ಗೀಚುವುದೇ ಅದಕ್ಕಿಂತ ನೆಟ್ಟಗಿರುತ್ತದೆ.

ಕಚೇರಿಯ ಮುಖ್ಯಸ್ಥರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದೇನು ವರ್ಲೀನ್, ಕೋಳಿ ಕೆದಕಿದ ಹಾಗಿದೆ?"

"ಕೋಳಿ ನಮ್ಮೆದುರೇ ಕೆದಕಿದ್ದು ಸಾರ್. ನಾವಿಬ್ರೂ ಸಾಕ್ಷಿ ಹಾಕ್ತೀವಿ," ಎಂದು ನನ್ನ ಕೈಗೂ ಪೆನ್ನು ತುರುಕಿದಳು. ಬಾಗಿಲು ಮುಚ್ಚುವ ಮೊದಲೇ ಮುದ್ರೆ ಬಿತ್ತು.

ಮರುದಿನ ತಂಡ ಸೋತಿತು. ಅಂತಿಂಥ ಸೋಲಲ್ಲ, ನೋಡಲಾಗದೆ ಕೋಚ್ ಮುಖ ತಿರುಗಿಸಿದಂಥ ಸೋಲು. ಸಹಿಯ ಸುದ್ದಿ ಅದು ಹೇಗೋ ಊರೆಲ್ಲ ಹಬ್ಬಿತ್ತು. ಭಾನುವಾರ ಚರ್ಚು ಮುಗಿಸಿ ಹೋಟೆಲಿಗೆ ಹೋದರೆ ಬಡಿಸುವ ಹುಡುಗಿ ವರ್ಲೀನಳ ತಟ್ಟೆಯನ್ನು ಕುಕ್ಕಿದಳು. ಹಿಂದಿನ ಮೇಜಿನ ಮುದುಕರೊಬ್ಬರು ನಿಟ್ಟುಸಿರಿಟ್ಟರು. "ಒಂದಿನ ತಡೆಯೋಕಾಗ್ಲಿಲ್ವಾ ತಾಯಿ?"

"ತಡೀಬಹುದಿತ್ತು ಯಜಮಾನ್ರೇ. ಹುಡುಗನ ಫೀಸು ನೀವು ಕಟ್ತಿದ್ರಾ?"

"ಕಟ್ತಿದ್ದೆ, ಏನೀಗ!"

"ಆಟದ ಹುಡುಗ್ರಿಗೆ ಹೊರಗಿನೋರು ದುಡ್ಡು ಕೊಡೋದು ನಿಯಮಕ್ಕೆ ವಿರುದ್ಧ. ಅಂಥೋರ ಮೇಲೆ ದೂರು ಕೊಡೋಕೂ ನನ್ನ ಹತ್ರ ಒಂದು ಫಾರಂ ಇದೆ. ತರ್ಲಾ?"

ಮುದುಕರು ಕಾಫಿ ಲೋಟದೊಳಗೆ ಇಣುಕತೊಡಗಿದರು. ವರ್ಲೀನ್ ಇನ್ನೊಂದು ತುಂಡು ಸಿಹಿಯಾದ ಪೀಕನ್ ಪೈ ತರಿಸಿಕೊಂಡಳು.