ಸಮುದ್ರ ಊರಲ್ಲಿಲ್ಲದ ದಿನ

ಆಗೆಲ್ಲ ದೂರ ಹೊರಟರೆ ಅಡುಗೆಮನೆಯ ಅರ್ಧ ಸಾಮಾನು ನಮ್ಮ ಜೊತೆಗೇ ಹೊರಡುತ್ತಿತ್ತು. ಕಾರ್ಖಾನೆಯವರು ಅಪ್ಪನನ್ನು ತರಬೇತಿಗೆಂದು ಜರ್ಮನಿಗೆ ಕಳಿಸಿದ ವರ್ಷ, ಧಾರವಾಡದಿಂದ ನಾವೂ ಹೋಗಿದ್ದೆವು. ತಮ್ಮ ಅಲ್ಲೇ ಹುಟ್ಟಿದ, ದಿನ ತುಂಬುವ ಮೊದಲೇ. ಕೂಸು ಬದುಕಿದರೆ ಸಮುದ್ರಸ್ನಾನ ಮಾಡುತ್ತೇನೆಂದು ಬಾಣಂತನಕ್ಕೆ ಬಂದಿದ್ದ ಅಜ್ಜಿ ಹರಕೆ ಹೊತ್ತಳು. ಅವಳು ಸಮುದ್ರ ಕಂಡವಳೇ ಅಲ್ಲ. ಹರಕೆ ತೀರಿಸುವ ದಿನ ಸ್ನಾನವಾಗುವವರೆಗೆ ಊಟವಿಲ್ಲ ಎಂಬುದು ಅವಳೇ ಸೇರಿಸಿಕೊಂಡ ಷರತ್ತು. ವ್ಯಾಪಾರಕ್ಕಿಳಿದ ಮೇಲೆ ನನಗೆ ತಿಳಿದದ್ದು ಇಷ್ಟು: ಎದುರಿನವರು ಕೇಳದ ಷರತ್ತನ್ನು ನಾವಾಗಿ ಕೊಡಬಾರದು, ದೇವರಿಗೂ.

ಅವ್ವ ಕೂಸಿನೊಂದಿಗೆ ಮನೆಯಲ್ಲೇ ಉಳಿದಳು. ನಾವು ಮೂವರು ನಸುಕಿನಲ್ಲೇ ರೈಲು ಹತ್ತಿದೆವು. ಊಟದ ಡಬ್ಬಿ ತೆರೆದರೆ ಬೋಗಿಯೆಲ್ಲ ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿಯ ವಾಸನೆ. ನಾನೂ ಅಪ್ಪನೂ ಚಪಾತಿ ತಿಂದು, ಕಿಟಕಿಗೆ ಉಸಿರು ಬಿಟ್ಟು ಬೆರಳಿನಿಂದ ಚುಕ್ಕಿ ಆಟ ಆಡಿದೆವು. ಅಜ್ಜಿ ಡಬ್ಬಿಯ ಕಡೆ ನೋಡದೆ ಕೂತಿದ್ದಳು.

ಮಧ್ಯಾಹ್ನ ಕಡಲಂಚಿನ ಒಂದು ಪುಟ್ಟ ಹಳ್ಳಿಯಲ್ಲಿ ಇಳಿದು ದಂಡೆಗೆ ಹೋದರೆ ಸಮುದ್ರವೇ ಇಲ್ಲ. ಕಣ್ಣು ಹಾಯುವಷ್ಟು ಬೂದು ಕೆಸರು, ಅದರಲ್ಲಿ ವಾಲಿ ನಿಂತ ದೋಣಿಗಳು. ಮೀನು ಮಾರುವ ಹೆಂಗಸು ಅಪ್ಪನಿಗೆ ಹೇಳಿದಳು: ನೀರು ಇಳಿದುಹೋಗಿದೆ, ಸಂಜೆಗೆ ಬರುತ್ತದೆ, ಕೆಸರಿನಲ್ಲಿ ಮಾತ್ರ ನಡೆಯಬೇಡಿ. ನಮ್ಮ ರೈಲು ಅದಕ್ಕೂ ಮೊದಲು. ಅದು ತಪ್ಪಿದರೆ ಅಪ್ಪ ಬೆಳಿಗ್ಗೆ ಕೆಲಸಕ್ಕೆ ಮುಟ್ಟುವಂತಿರಲಿಲ್ಲ. ಆಗಲೇ ರಜೆ ಹೆಚ್ಚಾಯಿತೆಂದು ಅವನಿಗೆ ಎಚ್ಚರಿಕೆಯಾಗಿತ್ತು.

ದಂಡೆಯ ಬುಡದಲ್ಲಿ ನಿಂತಿದ್ದ ಹೊಂಡದ ನೀರನ್ನೇ ತಲೆಗೆ ಚಿಮುಕಿಸಿಕೋ ಎಂದು ನಾನು ಚೌಕಾಸಿಗೆ ಇಳಿದೆ.

“ಹೊಂಡಕ್ಕ ಹರಕಿ ಹೊತ್ತಿಲ್ಲವ್ವಾ ನಾ” ಎಂದಳು ಅಜ್ಜಿ.

ಅಪ್ಪ ದಂಡೆಯ ಮೆಟ್ಟಿಲ ಮೇಲೆ ಕೂತ. “ಇರೂಣು ಬಿಡವ್ವ. ಕೆಲಸ ಹೋದ್ರ ಹೋಗ್ಲಿ.”

ಅಜ್ಜಿ ಕೆಸರನ್ನೊಮ್ಮೆ ನೋಡಿ ಡಬ್ಬಿ ಕೈಗೆತ್ತಿಕೊಂಡಳು. “ಕೂಸಿನ ಔಷಧಕ್ಕ ರೊಕ್ಕ ಯಾರು ಕೊಡ್ತಾರೋ? ನಡಿ. ನಾ ಬಂದೀನಿ. ಅದಽ ಊರಾಗಿಲ್ಲ.”

ನಿಲ್ದಾಣದಲ್ಲಿ ನಿಂತುಕೊಂಡೇ ಚಪಾತಿ ತಿಂದಳು, ಔಷಧ ನುಂಗುವವಳಂತೆ.

ರೈಲು ದಂಡೆಗುಂಟ ಹೊರಳಿದಾಗ ನೀರು ಬರುತ್ತಿತ್ತು. ತೆಳ್ಳಗೆ, ಹೊಳೆಯುತ್ತ, ಕೆಸರನ್ನೆಲ್ಲ ಮುಚ್ಚುತ್ತ. ಅಪ್ಪ ಎದ್ದು ಬಂದು, ಅಜ್ಜಿಗೆ ಕಿಟಕಿ ಕಾಣದ ಹಾಗೆ ಬೆನ್ನು ಕೊಟ್ಟು ಕೂತ. ನಾನು ಬಾಯಿ ತೆರೆದೆ. ಅವನು ತಲೆಯಾಡಿಸಿ ಬೇಡವೆಂದ. ಆಮೇಲೆ ಊರಿನ ಎಮ್ಮೆಯ ಸುದ್ದಿ ತೆಗೆದ. ಅಜ್ಜಿ ಎಮ್ಮೆಯ ಬಗ್ಗೆ ಹೇಳುತ್ತಲೇ ಹೋದಳು. ಊರಿಗೆ ಮರಳಿದ ಮೇಲೂ ಆ ಹರಕೆ ತೀರಲಿಲ್ಲ.

ಈಗ ಇನ್ನೊಂದು ಪರದೇಶದಲ್ಲಿ, ಪ್ಲೆಸೆಂಟನ್ ಎಂಬ ಊರಲ್ಲಿ ದಿನಸಿ ಅಂಗಡಿ ನಡೆಸುವ ನನಗೆ ಸಮುದ್ರ ಒಂದು ಗಂಟೆಯ ಫ್ರೀವೇ ದಾರಿ. ಹೊರಡುವ ಮುನ್ನ ಫೋನಿನಲ್ಲಿ ಉಬ್ಬರ ಇಳಿತದ ಹೊತ್ತು ನೋಡಿಕೊಳ್ಳಿ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿರುತ್ತೇನೆ. ಫೋನು ಹೇಳಿದ ಹೊತ್ತಿಗೆ ನೀರು ಇದ್ದೇ ಇರುತ್ತದೆ, ದಣಿದಿರುವುದು ನಾನು. ಮಕ್ಕಳು “ಟೂ ಕೋಲ್ಡ್, ಅಮ್ಮ” ಎಂದು ಕಾರಿನಿಂದ ಇಳಿಯುವುದಿಲ್ಲ. ನಾನೂ ಅವರ ಪಕ್ಕ ಕೂತುಬಿಡುತ್ತೇನೆ. ಕಿಟಕಿಯ ತುಂಬ ನೀರು. ಯಾರಿಂದಲೂ ಅದನ್ನು ಮರೆಮಾಡಬೇಕಾಗಿಲ್ಲ.